ಬ್ಯಾಂಕ್ ಮುಳುಗಿದ ದಿನ ವಿರೋಧ ಪಕ್ಷ ಏನು ಮಾಡಬೇಕು? ಐರ್ಲೆಂಡ್, ಗ್ರೀಸ್, ಸೈಪ್ರಸ್, ಮತ್ತೆ ನಾವು

ಹೊಸಹಳ್ಳಿ ಸರ್ಕಲ್, ಮಂಡ್ಯ

ನೇರವಾಗಿ ವಿಷಯಕ್ಕೆ ಬರುತ್ತೇನೆ. ದೇಶಕ್ಕೆ ಸಾಲದ ಬಿಕ್ಕಟ್ಟು ಬಂದಾಗ ವಿರೋಧ ಪಕ್ಷಗಳು ಗಂಟಲು ಹರಿಯುವಂತೆ ಕೂಗುವುದು ಯಾವಾಗ? ಪಿಂಚಣಿ ಕಡಿತ ಮಾಡಿದಾಗ, ಆಸ್ಪತ್ರೆಗೆ ಕೊಡುವ ದುಡ್ಡು ಇಳಿಸಿದಾಗ, ನೀರಿಗೆ ಬಿಲ್ ಹಾಕಿದಾಗ. ಕೂಗಬೇಕು, ಸರಿ. ಆದರೆ ಅಷ್ಟು ಹೊತ್ತಿಗೆ ಪತ್ರಕ್ಕೆ ಸಹಿ ಬಿದ್ದು ಆಗಿರುತ್ತದೆ. ಬೇಡ ಅನ್ನಬೇಕಾದ ದಿನ ಅದಕ್ಕೆ ಮುಂಚೆಯೇ ಬಂದು ಹೋಗಿರುತ್ತದೆ. ಬ್ಯಾಂಕಿನ ಸಾಲವನ್ನು ಜನರ ತಲೆಗೆ ಕಟ್ಟುವ ಮಸೂದೆ ಸದನಕ್ಕೆ ಬರುತ್ತದಲ್ಲ, ಆ ದಿನ.

ಐರ್ಲೆಂಡ್ ನೋಡಿ. 2008ರ ಸೆಪ್ಟೆಂಬರ್ 29ರ ರಾತ್ರಿ ಡಬ್ಲಿನ್‌ನಲ್ಲಿ ಪ್ರಧಾನಿ ಬ್ರಯನ್ ಕೋವನ್, ಹಣಕಾಸು ಮಂತ್ರಿ ಬ್ರಯನ್ ಲೆನಿಹಾನ್, ಅಧಿಕಾರಿಗಳು, ದೊಡ್ಡ ಬ್ಯಾಂಕುಗಳ ಮುಖ್ಯಸ್ಥರು ಸೇರಿದ್ದರು. ಸಂಪುಟ ಸಭೆ ಕೂಡ ಒಂದು ಕೋಣೆಯಲ್ಲಿ ನಡೆಯಲಿಲ್ಲ. ಮಂತ್ರಿಗಳಿಗೆ ರಾತ್ರೋರಾತ್ರಿ ಫೋನ್ ಮಾಡಿ ಒಪ್ಪಿಗೆ ಪಡೆದರು. ಬೆಳಗಾಗುವಷ್ಟರಲ್ಲಿ ಆರು ಬ್ಯಾಂಕುಗಳ ಸುಮಾರು 44,000 ಕೋಟಿ ಯೂರೋ ಹೊಣೆಗೆ ಸರ್ಕಾರ ಖಾತರಿ ನಿಂತಿತು. ಠೇವಣಿದಾರರ ದುಡ್ಡಿಗೆ ಮಾತ್ರ ಅಲ್ಲ, ಆ ಬ್ಯಾಂಕುಗಳ ಬಾಂಡ್ (ಸಾಲಪತ್ರ) ಕೊಂಡಿದ್ದ ದೊಡ್ಡ ಹೂಡಿಕೆದಾರರ ದುಡ್ಡಿಗೂ. ಜಗತ್ತಿನಲ್ಲೇ ಇಷ್ಟು ಅಗ್ಗದ ಬ್ಯಾಂಕ್ ರಕ್ಷಣೆ ಇಲ್ಲ ಅಂತ ಲೆನಿಹಾನ್ ಆಗ ಹೇಳಿದ್ದರು. ಕೊನೆಗೆ ಬ್ಯಾಂಕುಗಳಿಗೆ ಸುರಿದದ್ದು 6,400 ಕೋಟಿ ಯೂರೋ.

ಇದು ಎಷ್ಟು ದುಡ್ಡು ಅಂತ ಹೀಗೆ ಅಂದಾಜು ಮಾಡಿ. 2011ರಲ್ಲಿ ಐರ್ಲೆಂಡ್ ಜನಸಂಖ್ಯೆ ಸುಮಾರು 46 ಲಕ್ಷ. ಅದೇ ವರ್ಷದ ಗಣತಿಯಲ್ಲಿ ನಮ್ಮ ಮೈಸೂರು, ಮಂಡ್ಯ ಎರಡು ಜಿಲ್ಲೆ ಸೇರಿ 48 ಲಕ್ಷ. ಅಂದರೆ ಹೆಚ್ಚುಕಮ್ಮಿ ನಮ್ಮಷ್ಟೇ ಜನ. ತಲೆಗೆ ಸುಮಾರು 14,000 ಯೂರೋ, ತೊಟ್ಟಿಲಲ್ಲಿರುವ ಮಗುವನ್ನೂ ಲೆಕ್ಕಕ್ಕೆ ಹಿಡಿದು. 2007ರಲ್ಲಿ ಆ ಸರ್ಕಾರದ ಸಾಲ ಜಿಡಿಪಿಯ ಶೇ 25ರ ಆಸುಪಾಸು ಇತ್ತು. ಐದು ವರ್ಷದಲ್ಲಿ ಶೇ 120ರ ಹತ್ತಿರ ಹೋಯಿತು.

ನನಗೆ ಮುಖ್ಯ ಅನ್ನಿಸುವುದು ಸದನದೊಳಗೆ ನಡೆದದ್ದು. ಖಾತರಿ ಮಸೂದೆ ಬಂದಾಗ ದೊಡ್ಡ ವಿರೋಧ ಪಕ್ಷ ಫಿನ ಗೇಲ್ ಬೆಂಬಲ ಕೊಟ್ಟಿತು. ಮುಂದೆ ಸರ್ಕಾರಿ ಖರ್ಚು ಕಡಿತದ ನೀತಿಯ ಅತಿ ಕಟು ಟೀಕಾಕಾರನಾದ ಶಿನ್ ಫೇನ್ ಕೂಡ ಬೆಂಬಲ ಕೊಟ್ಟಿತು. ಎದುರು ನಿಂತ ಪಕ್ಷ ಅಂದರೆ ಲೇಬರ್. ಹೊಣೆ ಎಷ್ಟು ಅಂತ ತಿಳಿಯದೆ ಖಾಲಿ ಚೆಕ್ಕಿಗೆ ಸಹಿ ಹಾಕುವುದಿಲ್ಲ ಅನ್ನುವುದು ಅವರ ವಾದದ ತಿರುಳು. ಮತದಲ್ಲಿ ಸೋತರು. ಆದರೂ ಇಡೀ ಬಿಕ್ಕಟ್ಟಿನಲ್ಲಿ ಅತಿ ಬೆಲೆಬಾಳುವ ಮತ ಅದೇ ಅಂತ ನನ್ನ ಖಚಿತ ಅಭಿಪ್ರಾಯ. ನೀವೇನಂತೀರಿ?

ಒಂಟಿಕೊಪ್ಪಲ್ ಕ್ಯಾಷಿಯರ್, ಮೈಸೂರು (ನಿವೃತ್ತ)

ಬರೆದದ್ದು ಚೆನ್ನಾಗಿದೆ. ಆದರೆ ಕೌಂಟರಿನ ಈಚೆ ಕೂತಿದ್ದವನಾಗಿ ಒಂದು ಮಾತು. ಬ್ಯಾಂಕ್ ಬೀಳುತ್ತದೆ ಅನ್ನುವ ಸುದ್ದಿ ಬಂದರೆ ಮಾರನೇ ದಿನ ಬೆಳಿಗ್ಗೆ ಬಾಗಿಲ ಮುಂದೆ ನಿಲ್ಲುವವರು ಬಾಂಡ್ ಕೊಂಡ ಜರ್ಮನಿಯವರಲ್ಲ. ಪಾಸ್‌ಬುಕ್ ಸೀರೆ ಸೆರಗಿನಲ್ಲಿ ಸುತ್ತಿಕೊಂಡು ಬಂದ ಅಜ್ಜಿ, ಹಾಲಿನ ಡೈರಿ ಸಂಬಳ ತೆಗೆಯಲು ಬಂದ ಹುಡುಗ, ಮಗಳ ಮದುವೆಗೆ ಎಫ್‌ಡಿ ಮುರಿಸಲು ಬಂದ ಮೇಷ್ಟ್ರು. ಯಾವ ಬ್ಯಾಂಕಿನಲ್ಲೂ ಎಲ್ಲರಿಗೂ ಒಂದೇ ದಿನ ಕೊಡುವಷ್ಟು ನಗದು ಇರುವುದಿಲ್ಲ. ಇಟ್ಟ ದುಡ್ಡು ಸಾಲವಾಗಿ ಹೊರಗೆ ಹೋಗಿರುತ್ತದೆ. ಕೇಳಿದವರಿಗೆಲ್ಲ ಕೊಡಲಾಗದಿದ್ದರೆ ಗಟ್ಟಿ ಬ್ಯಾಂಕೂ ಮುಳುಗುತ್ತದೆ. ಹಾಗಾಗಿ ಸರ್ಕಾರ ಖಾತರಿ ಕೊಡಲೇಬಾರದಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾರಿಗೆ ಕೊಟ್ಟರು ಅನ್ನುವುದು ಪ್ರಶ್ನೆ.

ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. 2008ರ ಅಕ್ಟೋಬರ್‌ನಲ್ಲಿ ಮೂರು ದೊಡ್ಡ ಬ್ಯಾಂಕ್ ಬಿದ್ದವು. ದೇಶದೊಳಗಿನ ಠೇವಣಿಗಳನ್ನು ಹೊಸ ಬ್ಯಾಂಕುಗಳಿಗೆ ವರ್ಗ ಮಾಡಿ, ಹಳೇ ಬ್ಯಾಂಕುಗಳನ್ನು ಹೊರಗಿನಿಂದ ಸಾಲ ಕೊಟ್ಟವರ ಪಾಲಿಗೆ ಬಿಟ್ಟರು. ಬ್ರಿಟನ್, ನೆದರ್‌ಲೆಂಡ್ಸ್ ಗ್ರಾಹಕರ ಐಸ್‌ಸೇವ್ ಖಾತೆ ಹಣ ಕಟ್ಟಿಕೊಡುವ ಕಾನೂನನ್ನು ಸಂಸತ್ತು ಪಾಸು ಮಾಡಿತು, ಅಧ್ಯಕ್ಷರು ಸಹಿ ಹಾಕದೆ ಜನಮತಕ್ಕೆ ಕಳಿಸಿದರು. 2010ರ ಮಾರ್ಚ್‌ನಲ್ಲಿ ಶೇ 90ಕ್ಕೂ ಜಾಸ್ತಿ ಜನ ಬೇಡ ಅಂದರು. 2011ರಲ್ಲಿ ಇನ್ನೊಂದು ಸಲ ಬೇಡ ಅಂದರು. 2013ರಲ್ಲಿ ನ್ಯಾಯಾಲಯವೂ ಐಸ್‌ಲ್ಯಾಂಡ್ ಪರ ತೀರ್ಪು ಕೊಟ್ಟಿತು.

ಇದನ್ನು ಹೇಳುವವರು ಇನ್ನೊಂದು ಪುಟವನ್ನೂ ಓದಬೇಕು. ಅಲ್ಲಿನ ಕ್ರೋನಾ ಬೆಲೆ ಅರ್ಧಕ್ಕೆ ಬಿತ್ತು, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ ಪಡೆದರು, ಹಣ ಹೊರಗೆ ಹೋಗದಂತೆ ಹಾಕಿದ ಕಟ್ಟುಪಾಡು ಪೂರ್ತಿ ಸಡಿಲವಾಗಲು 2017 ಬಂತು. ಜೊತೆಗೆ ಅವರ ಹತ್ತಿರ ಸ್ವಂತ ನಾಣ್ಯ ಇತ್ತು. ಐರ್ಲೆಂಡ್ ಯೂರೋದಲ್ಲಿ ಸಿಕ್ಕಿಕೊಂಡಿತ್ತು.

ಹೊಸಹಳ್ಳಿ ಸರ್ಕಲ್, ಮಂಡ್ಯ

ಸಾರ್, ಠೇವಣಿದಾರರನ್ನು ಉಳಿಸಬೇಕು ಅನ್ನುವುದರಲ್ಲಿ ನಮಗಿಬ್ಬರಿಗೂ ಜಗಳ ಇಲ್ಲ. ಸರ್ಕಾರ ಗೆರೆ ಎಳೆಯದೆ ಎಲ್ಲವನ್ನೂ ಒಂದೇ ಗಂಟು ಮಾಡಿತು ಅನ್ನುವುದೇ ನನ್ನ ತಕರಾರು. ಆ ಗಂಟು ಬಿಚ್ಚಿಸಬೇಕಾದ್ದು ವಿರೋಧ ಪಕ್ಷದ ಕೆಲಸ.

ಒಮ್ಮೆ ಗಂಟು ಬಿದ್ದ ಮೇಲೆ ಏನಾಯಿತು ನೋಡಿ. 2010ರಲ್ಲಿ ಆ ಆರರಲ್ಲಿ ಎರಡಾದ ಆಂಗ್ಲೋ ಐರಿಷ್ ಮತ್ತು ಐರಿಷ್ ನೇಷನ್‌ವೈಡ್‌ಗೆ ಸುಮಾರು 3,100 ಕೋಟಿ ಯೂರೋ ಪ್ರಾಮಿಸರಿ ನೋಟು ಬರೆದುಕೊಟ್ಟರು. ಪ್ರತಿ ಮಾರ್ಚ್ 31ಕ್ಕೆ 310 ಕೋಟಿ ಕಂತು. ಆಂಗ್ಲೋ ಐರಿಷ್ ಆಗ ಬ್ಯಾಂಕ್ ಅನ್ನುವ ಹೆಸರಿಗೆ ಮಾತ್ರ ಉಳಿದಿತ್ತು, ಹೊಸಬರಿಗೆ ಸಾಲ ಕೊಡುವುದೂ ನಿಂತಿತ್ತು. ಅಂಥ ಸತ್ತ ಬ್ಯಾಂಕಿಗೆ ವರ್ಷ ವರ್ಷ ಕಂತು! ಅದೇ ಹೊತ್ತಿಗೆ ಕನಿಷ್ಠ ಕೂಲಿಯನ್ನು ಗಂಟೆಗೆ 8.65 ಯೂರೋದಿಂದ 7.65ಕ್ಕೆ ಇಳಿಸಿದರು. ಹೊಸ ಸರ್ಕಾರ ಬಂದ ಮೇಲೆ 2011ರ ಜುಲೈನಲ್ಲಿ ಅದನ್ನು ವಾಪಸ್ ಮಾಡಿತು ಅನ್ನಿ.

2010ರ ನವೆಂಬರ್‌ನಲ್ಲಿ ಐಎಂಎಫ್, ಯುರೋಪಿಯನ್ ಒಕ್ಕೂಟ, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಮೂವರೂ ಬಂದು ಕೂತರು. 8,500 ಕೋಟಿ ಯೂರೋ ಪ್ಯಾಕೇಜು. ಅದರಲ್ಲಿ 1,750 ಕೋಟಿ ಐರ್ಲೆಂಡಿನ ಸ್ವಂತ ದುಡ್ಡು, ಮುಂದಿನ ಪಿಂಚಣಿಗೆ ಅಂತ ಕೂಡಿಟ್ಟ ನಿಧಿಯೂ ಸೇರಿ. ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ ಮತಕ್ಕೆ ಹಾಕಿದಾಗ 81ಕ್ಕೆ 75. ಆರೇ ಮತದ ಅಂತರ. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಮುಖ್ಯಸ್ಥ ಟ್ರಿಶೆ, ಪ್ಯಾಕೇಜಿಗೆ ಅರ್ಜಿ ಹಾಕದಿದ್ದರೆ ನಿಮ್ಮ ಬ್ಯಾಂಕುಗಳಿಗೆ ತುರ್ತು ಹಣ ನಿಲ್ಲಿಸಬೇಕಾಗುತ್ತದೆ ಅನ್ನುವ ಅರ್ಥದ ಪತ್ರವನ್ನು ಮಂತ್ರಿಗೆ ಬರೆದದ್ದು 2010ರ ನವೆಂಬರ್ 19ರಂದು. ಅದು ಬಹಿರಂಗವಾದದ್ದು 2014ರಲ್ಲಿ. ಜನ ಆರಿಸಿದ ಸದಸ್ಯರು ಆ ಕಾಗದ ನೋಡದೆಯೇ ಮತ ಹಾಕಿದ್ದರು. ನನಗೆ ಇದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೆ.ಎಂ. ದೊಡ್ಡಿ ಕಬ್ಬು

ಹೊರದೇಶದ ಕಥೆ ಅಂತ ಸುಮ್ನೆ ಓದುತ್ತಿದ್ದೆ, ಪ್ರಾಮಿಸರಿ ನೋಟು ಅಂದ ಕೂಡಲೇ ಕಿವಿ ನಿಮಿರಿತು. ನಮ್ಮೂರಲ್ಲಿ ಆ ಕಾಗದಕ್ಕೆ ಸಹಿ ಹಾಕದ ಮನೆ ಇಲ್ಲ.

ನಮ್ಮ ಸಂಸತ್ತಿನದ್ದೂ ಒಂದು ಉದಾಹರಣೆ ಇದೆ, ಯಾಕೆ ಯಾರೂ ಎತ್ತುವುದಿಲ್ಲವೋ. 1991ರಲ್ಲಿ ದೇಶದ ಹತ್ತಿರ ಆಮದಿಗೆ ಕಟ್ಟಲು ಡಾಲರ್ ಇರಲಿಲ್ಲ, ಚಿನ್ನ ಅಡ ಇಡಬೇಕಾಯಿತು. ಜುಲೈ 24ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಅವರು ಸಬ್ಸಿಡಿ ಇಳಿಸಲು ರಸಗೊಬ್ಬರದ ಬೆಲೆ ಸರಾಸರಿ ಶೇ 40 ಏರಿಸುವುದಾಗಿ ಹೇಳಿದರು. ನರಸಿಂಹ ರಾವ್ ಅವರದ್ದು ಬಹುಮತ ಇಲ್ಲದ ಸರ್ಕಾರ. ವಿರೋಧ ಪಕ್ಷದವರು ಎದ್ದರು, ಕಾಂಗ್ರೆಸ್ಸಿನೊಳಗಿನ ಹಳ್ಳಿ ಕಡೆಯ ಸಂಸದರೂ ಎದ್ದರು. ಕೆಲವೇ ದಿನದಲ್ಲಿ ಏರಿಕೆ ಶೇ 30ಕ್ಕೆ ಇಳಿಯಿತು, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ವಿನಾಯಿತಿ ಅಂದರು.

ಪೂರ್ತಿ ಗೆಲುವಲ್ಲ. ಆದರೆ ಕಬ್ಬಿಗೆ ಯೂರಿಯಾ ಎಷ್ಟು ಬೇಕು ಅಂತ ಗೊತ್ತಿರುವವರಿಗೆ ಆ ಹತ್ತು ಪರ್ಸೆಂಟ್ ಏನು ಅಂತ ಗೊತ್ತು. ಅದಕ್ಕೇ ಕೇಳುತ್ತೇನೆ ಗುರು: ಕಡಿತ ಬಂದ ಮೇಲೆ ಕೂಗಿದರೆ ತಡವಾಯಿತು ಅಂತ ನೀವು ಹೇಗೆ ಹೇಳುತ್ತೀರಿ? ಇಲ್ಲಿ ಕಡಿತದ ಮೇಲೆಯೇ ಜಗ್ಗಾಡಿ ಅಷ್ಟೋ ಇಷ್ಟೋ ಉಳಿಸಿಕೊಂಡರಲ್ಲ.

ಗಂಗೋತ್ರಿ ಪಿಜಿ ಹುಡುಗಿ

ಕಬ್ಬು ಅಣ್ಣ, 1991ರಲ್ಲಿ ಅದು ಆಗಿದ್ದು ಸರ್ಕಾರಕ್ಕೆ ಬಹುಮತ ಇಲ್ಲದ್ದರಿಂದ ಮತ್ತು ಆಳುವ ಪಕ್ಷದೊಳಗೇ ಗೊಣಗಾಟ ಎದ್ದಿದ್ದರಿಂದ. ಈ ಎರಡನೇ ಮಾತು ಬಹಳ ಮುಖ್ಯ.

ಗ್ರೀಸ್‌ನಲ್ಲಿ 300 ಸದಸ್ಯರ ಸಂಸತ್ತು. 2010ರ ಮೇನಲ್ಲಿ ಮೊದಲ ಸಾಲದ ಒಪ್ಪಂದ, 11,000 ಕೋಟಿ ಯೂರೋ. ಆಗ ವಿರೋಧದಲ್ಲಿದ್ದ ನ್ಯೂ ಡೆಮಾಕ್ರಸಿಯ ಸಮರಾಸ್ ಬೇಡ ಅಂದರು. 2012ರ ಫೆಬ್ರುವರಿ 12ಕ್ಕೆ ಎರಡನೇ ಒಪ್ಪಂದ ಬಂದಾಗ ಅದೇ ಸಮರಾಸ್ ಬೇಕು ಅಂದರು. ಕನಿಷ್ಠ ಸಂಬಳ ಶೇ 22 ಇಳಿಸುವ ಷರತ್ತು ಅದರಲ್ಲಿತ್ತು, 25 ವರ್ಷದ ಒಳಗಿನವರಿಗೆ ಶೇ 32. ಅಂದರೆ ನನ್ನ ವಯಸ್ಸಿನವರಿಗೆ, ಅದೂ ವಯಸ್ಸು ಕಡಿಮೆ ಅನ್ನುವ ಒಂದೇ ಕಾರಣಕ್ಕೆ. ಹೊರಗೆ ಅಥೆನ್ಸ್‌ನಲ್ಲಿ ಕಟ್ಟಡಗಳು ಉರಿಯುತ್ತಿದ್ದವು. ಒಳಗೆ 199 ಪರ, 74 ವಿರುದ್ಧ. ಪಕ್ಷದ ಮಾತು ಮೀರಿದ 43 ಸದಸ್ಯರನ್ನು ಎರಡು ದೊಡ್ಡ ಪಕ್ಷಗಳು ಆ ರಾತ್ರಿಯೇ ಹೊರಗೆ ಹಾಕಿದವು.

ಆದರೆ ಗಮನಿಸಿ. ಅವರನ್ನು ಹಾಕಿದ್ದು ಪಕ್ಷದಿಂದ. ಅವರ ಸೀಟು ಹೋಗಲಿಲ್ಲ. ಸ್ವತಂತ್ರರಾಗಿ ಸದನದಲ್ಲೇ ಕೂತರು. ನಮ್ಮಲ್ಲಿ 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಶೆಡ್ಯೂಲ್ (ಪಕ್ಷಾಂತರ ತಡೆ ಕಾನೂನು) ಬಂದ ಮೇಲೆ ವಿಪ್ (ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ, ಪಕ್ಷ ಕ್ಷಮಿಸದೆ ಹೋದರೆ, ಸದಸ್ಯತ್ವವೇ ಹೋಗುತ್ತದೆ. ಪಕ್ಷಾಂತರ ಎಷ್ಟು ಕೆಟ್ಟದ್ದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, 2019ರಲ್ಲಿ ಕೆ.ಆರ್. ಪೇಟೆ, ಹುಣಸೂರು ಎರಡೂ ಕಡೆ ಉಪಚುನಾವಣೆ ನೋಡಿದ್ದೇವೆ. ಆದರೆ ದುಡ್ಡಿಗೆ, ಕುರ್ಚಿಗೆ ಪಕ್ಷ ಬಿಡುವವನನ್ನೂ, ನನ್ನ ಕ್ಷೇತ್ರದ ಪಿಂಚಣಿದಾರರ ಹೊಟ್ಟೆ ಮೇಲೆ ಹೊಡೆಯಲಾರೆ ಅಂತ ಒಂದು ಮಸೂದೆಗೆ ಬೇಡ ಅನ್ನುವವನನ್ನೂ ಒಂದೇ ಕಾನೂನು ಹಿಡಿದು ಹಾಕುತ್ತದೆ. ನಾಳೆ ನಮ್ಮಲ್ಲಿ ಇಂಥ ರಾತ್ರಿ ಬಂದರೆ ಆಳುವ ಪಕ್ಷದಿಂದ 43 ಜನ ಅಲ್ಲ, ಮೂರು ಜನ ಏಳುವುದೂ ಕಷ್ಟ.

ಗಂಜಾಂ ಸ್ವಸಹಾಯ ಸಂಘ, ಶ್ರೀರಂಗಪಟ್ಟಣ

ಎಲ್ಲರೂ ಸಂಸತ್ತಿನ ಬಗ್ಗೆ ಬರೆಯುತ್ತಿದ್ದೀರಿ. ನಾನು ಬ್ಯಾಂಕ್ ಬಾಗಿಲಿನ ಈಚೆಯದ್ದು ಹೇಳುತ್ತೇನೆ.

ನಮ್ಮಮ್ಮ ದುಡ್ಡು ಇಟ್ಟಿದ್ದ ಸಹಕಾರಿ ಸಂಸ್ಥೆಯೊಂದು ಬಾಗಿಲು ಅರ್ಧ ಎಳೆಯಿತು. ಹೆಸರು ಬೇಡ. ಒಂದು ದಿನ ಹೋದರೆ ಕೌಂಟರಿನ ಗಾಜಿಗೆ ಬಿಳಿ ಹಾಳೆ ಅಂಟಿಸಿದ್ದರು, ಒಬ್ಬರಿಗೆ ಇಷ್ಟೇ ಅಂತ. ಟೋಕನ್ ಕೊಡುತ್ತಿದ್ದರು. ಟೋಕನ್ ಸಿಕ್ಕಿದವರಿಗೆ ಮಧ್ಯಾಹ್ನ ನಗದು ಮುಗಿಯಿತು ಅನ್ನುತ್ತಿದ್ದರು. ಅಮ್ಮ ಎಫ್‌ಡಿ ಬಾಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದರು. ಮೆಚ್ಯೂರಿಟಿ ತಾರೀಖು ದಾಟಿ ಹೋಯಿತು. ಅಲ್ಲಿನ ಗುಮಾಸ್ತ ಅದನ್ನು ತಿರುಗಿಸಿ ನೋಡಿ, ಅಮ್ಮಾ ರಿನ್ಯೂ ಮಾಡಿಸಿಬಿಡಿ ಅಂದ. ದುಡ್ಡು ಕೇಳಲು ಹೋದವರಿಗೆ ಇನ್ನೊಂದು ವರ್ಷ ಬಿಡಿ ಅಂದ ಹಾಗಾಯಿತಲ್ಲ ಅದು.

ನಮ್ಮ ಕಡೆಯ ಯಾವ ರಾಜಕಾರಣಿಯೂ ಅಲ್ಲಿಗೆ ಬರಲಿಲ್ಲ. ಆಳುವವರೂ ಇಲ್ಲ, ವಿರೋಧದವರೂ ಇಲ್ಲ. ಸೈಪ್ರಸ್ ಅಂತ ಹೆಡ್ಡಿಂಗ್‌ನಲ್ಲಿ ಬರೆದಿದ್ದೀರಲ್ಲ, ಅಲ್ಲಿ ಠೇವಣಿಗೇ ಕೈ ಹಾಕಿದರು ಅಂತ ಕೇಳಿದ್ದೇನೆ. ಅದನ್ನು ಬಿಡಿಸಿ ಹೇಳಿ.

ಹೊಸಹಳ್ಳಿ ಸರ್ಕಲ್, ಮಂಡ್ಯ

ಅಕ್ಕ, ಹೇಳುತ್ತೇನೆ. 2013ರ ಮಾರ್ಚ್. ಸೈಪ್ರಸ್‌ಗೆ 1,000 ಕೋಟಿ ಯೂರೋ ಸಾಲ ಕೊಡಲು ಯೂರೋ ದೇಶಗಳು ಹಾಕಿದ ಷರತ್ತು ಏನೆಂದರೆ, ಬ್ಯಾಂಕಿನಲ್ಲಿ ದುಡ್ಡು ಇಟ್ಟವರೆಲ್ಲರಿಂದ ಒಂದು ಪಾಲು ಕಿತ್ತುಕೊಳ್ಳಬೇಕು. ಒಂದು ಲಕ್ಷ ಯೂರೋ ಒಳಗಿದ್ದರೆ ಶೇ 6.75, ಮೇಲಿದ್ದರೆ ಶೇ 9.9. ಒಂದು ಲಕ್ಷ ಯೂರೋ ತನಕ ವಿಮೆ ಇದೆ ಅಂತ ನಂಬಿ ಇಟ್ಟವರ ದುಡ್ಡಿಗೂ! ಸುದ್ದಿ ಬಂದದ್ದು ಶನಿವಾರ. ಜನ ಎಟಿಎಂ ಮುಂದೆ ಸಾಲು ನಿಂತರು. ಬ್ಯಾಂಕ್ ಬಾಗಿಲು ಸುಮಾರು ಎರಡು ವಾರ ತೆರೆಯಲಿಲ್ಲ.

ಮಾರ್ಚ್ 19ಕ್ಕೆ ಸಂಸತ್ತಿನಲ್ಲಿ ಮತ. ಪರವಾಗಿ ಸೊನ್ನೆ. ವಿರುದ್ಧ 36. ತಟಸ್ಥ 19. ಆಳುವ ಪಕ್ಷದವರೇ ತಟಸ್ಥರಾಗಿ ಕೂತರು, ಸರ್ಕಾರ ತಂದ ಮಸೂದೆಗೆ ಸರ್ಕಾರದ ಒಂದು ಮತವೂ ಬೀಳಲಿಲ್ಲ. ಆಮೇಲೆ ಆದ ಒಪ್ಪಂದದಲ್ಲಿ ಒಂದು ಲಕ್ಷ ಯೂರೋ ಒಳಗಿನವರ ದುಡ್ಡು ಪೂರ್ತಿ ಉಳಿಯಿತು. ಲೈಕಿ ಬ್ಯಾಂಕ್ ಮುಚ್ಚಿತು. ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ ಲಕ್ಷದ ಮೇಲಿನ ಠೇವಣಿಯ ಶೇ 47.5 ಷೇರಾಗಿ ಬದಲಾಯಿತು, ಅಂದರೆ ದೊಡ್ಡ ಠೇವಣಿದಾರರಿಗೆ ಭಾರೀ ಏಟು. ಅದರಲ್ಲಿ ಸಣ್ಣ ಕಂಪನಿಗಳ ಸಂಬಳದ ಖಾತೆಗಳೂ ಇದ್ದವು, ಅದೂ ಅನ್ಯಾಯವೇ. ಆದರೂ ನಿಮ್ಮಮ್ಮನಂಥವರ ದುಡ್ಡಿಗೆ ಕೈ ಹಾಕುವುದು ನಿಂತದ್ದು ಆ ಒಂದು ಮತದಿಂದ. ಮೊದಲ ದಿನವೇ ಬೇಡ ಅನ್ನಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಒಂಟಿಕೊಪ್ಪಲ್ ಕ್ಯಾಷಿಯರ್, ಮೈಸೂರು (ನಿವೃತ್ತ)

ಗಂಜಾಂ ತಾಯಿ, ಮೊದಲು ಒಂದು ವಿಚಾರಿಸಿ. ನೀವು ಹೇಳುವುದು ಆರ್‌ಬಿಐ ಪರವಾನಗಿ ಇರುವ ಬ್ಯಾಂಕೋ, ಬರೀ ಪತ್ತಿನ ಸಹಕಾರ ಸಂಘವೋ? ಬ್ಯಾಂಕ್ ಆಗಿದ್ದರೆ ಠೇವಣಿ ವಿಮೆ ಇರುತ್ತದೆ, 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ. ಮೊದಲು 1 ಲಕ್ಷ ಇತ್ತು. ಆರ್‌ಬಿಐ ನಿರ್ಬಂಧ ಹಾಕಿದ್ದರೆ 90 ದಿನದಲ್ಲಿ ಆ ದುಡ್ಡು ಕೊಡಬೇಕು ಅಂತ 2021ರಲ್ಲಿ ತಿದ್ದುಪಡಿ ಆಗಿದೆ. ಪತ್ತಿನ ಸಂಘಕ್ಕೆ ಈ ವಿಮೆ ಇಲ್ಲ, ಅದಕ್ಕೆ ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ರಿನ್ಯೂ ಮಾತ್ರ ಮಾಡಿಸಬೇಡಿ. ಅಸಲು ಬಾಂಡ್ ಕೈ ಬಿಡಬೇಡಿ, ಜೆರಾಕ್ಸ್ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಇನ್ನು ಸೈಪ್ರಸ್‌ನಂಥದ್ದೇ ನಮ್ಮ ಮನೆ ಬಾಗಿಲಿಗೂ ಬಂದಿತ್ತು. 2017ರ ಆಗಸ್ಟ್‌ನಲ್ಲಿ ಲೋಕಸಭೆಗೆ ಎಫ್‌ಆರ್‌ಡಿಐ ಮಸೂದೆ ತಂದರು, ಮುಳುಗುವ ಹಣಕಾಸು ಸಂಸ್ಥೆಗಳನ್ನು ನಿಭಾಯಿಸುವ ಬಗ್ಗೆ. ಮುಳುಗುತ್ತಿರುವ ಬ್ಯಾಂಕಿನ ಹೊಣೆಯನ್ನು ಅದಕ್ಕೆ ಸಾಲ ಕೊಟ್ಟವರ ದುಡ್ಡಿನಿಂದಲೇ ತೀರಿಸಬಹುದು ಅನ್ನುವ ಬೇಲ್-ಇನ್ ಕಲಂ ಅದರಲ್ಲಿತ್ತು. ವಿಮೆಗೆ ಮೀರಿದ ಠೇವಣಿಯೂ ಅದರೊಳಗೆ ಬರುತ್ತದೆ ಅಂತ ಬ್ಯಾಂಕ್ ನೌಕರರ ಸಂಘಗಳು ಎಬ್ಬಿಸಿದವು, ವಿರೋಧ ಪಕ್ಷದವರು ಹಿಡಿದುಕೊಂಡರು. ಮಸೂದೆ ಮೊದಲೇ ಜಂಟಿ ಸಂಸದೀಯ ಸಮಿತಿಗೆ ಹೋಗಿತ್ತು. 2018ರ ಆಗಸ್ಟ್‌ನಲ್ಲಿ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಭಯ ಎಷ್ಟು ನಿಜ, ಎಷ್ಟು ಹೆಚ್ಚು ಅಂತ ಚರ್ಚೆ ಮಾಡಬಹುದು. ಆದರೆ ಸಮಿತಿಗೆ ಹೋಗಿದ್ದರಿಂದ ಜನ ಓದುವಷ್ಟು ಸಮಯ ಸಿಕ್ಕಿತು. ಐರ್ಲೆಂಡಿಗೆ ಸಿಗದೆ ಹೋದದ್ದು ಅದೇ.

ಗಂಗೋತ್ರಿ ಪಿಜಿ ಹುಡುಗಿ

ಮೊದಲ ದಿನ ಬೇಡ ಅಂದರೆ ಸಾಕು ಅನ್ನುವ ವಾದಕ್ಕೆ ನನ್ನ ಹತ್ತಿರ ಎರಡು ಅಡ್ಡಿ ಇವೆ.

ಪೋರ್ಚುಗಲ್. 2011ರ ಮಾರ್ಚ್ 23ರಂದು ಎಡ, ಬಲ ಎರಡೂ ಕಡೆಯ ವಿರೋಧ ಪಕ್ಷಗಳು ಸೇರಿ ಸಾಕ್ರಟಿಸ್ ಸರ್ಕಾರದ ಖರ್ಚು ಕಡಿತದ ಯೋಜನೆಯನ್ನು ಸೋಲಿಸಿದವು. ಪ್ರಧಾನಿ ರಾಜೀನಾಮೆ ಕೊಟ್ಟರು. ಎರಡು ವಾರದಲ್ಲಿ ದೇಶ ಹೊರಗಿನ ನೆರವು ಕೇಳಿತು, 7,800 ಕೋಟಿ ಯೂರೋ. ಚುನಾವಣೆಯಲ್ಲಿ ಬಲಪಂಥದವರು ಗೆದ್ದು ಇನ್ನೂ ಕಟುವಾದ ಕಡಿತ ತಂದರು. ಅಲ್ಲಿ ಕೆಲವು ಕಡಿತ ತಡೆದದ್ದು ಸಂಸತ್ತಲ್ಲ, ಸಂವಿಧಾನ ನ್ಯಾಯಾಲಯ.

ಇನ್ನೊಂದು ಮತ್ತೆ ಗ್ರೀಸ್. ವಿರೋಧದಲ್ಲಿದ್ದು ಬೆಳೆದ ಸಿರಿಜಾ ಪಕ್ಷ 2015ರ ಜನವರಿಯಲ್ಲಿ 149 ಸೀಟು ಗೆದ್ದಿತು. ಜುಲೈ 5ರ ಜನಮತದಲ್ಲಿ ಶೇ 61 ಜನ ಷರತ್ತು ಬೇಡ ಅಂದರು. ಆಗ ಬ್ಯಾಂಕ್ ಮುಚ್ಚಿತ್ತು, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ. ಅಷ್ಟು ಕಷ್ಟದಲ್ಲೂ ಬೇಡ ಅಂದ ಜನ ಅವರು! ಒಂದೇ ವಾರದಲ್ಲಿ ಅದರ ಪ್ರಧಾನಿ ಸಿಪ್ರಾಸ್ ಒಪ್ಪಿಕೊಂಡು ಬಂದರು. ಸಂಸತ್ತಿನಲ್ಲಿ 229 ಪರ, 64 ವಿರುದ್ಧ, ಆ 64ರಲ್ಲಿ 32 ಅವರದೇ ಪಕ್ಷದವರು. ಯೂರೋ ಬಿಟ್ಟರೆ ಮುಂದೇನು ಅಂತ ಅವರ ಹತ್ತಿರ ತಯಾರಾದ ಯೋಜನೆ ಇರಲಿಲ್ಲ, ಎದುರಿನವರಿಗೂ ಅದು ಗೊತ್ತಿತ್ತು. ಬೇಡ ಅನ್ನುವವರು ಮಾರನೇ ದಿನ ಬೆಳಿಗ್ಗೆ ಸಂಬಳ ಎಲ್ಲಿಂದ ಕೊಡುತ್ತೀರಿ ಅನ್ನುವುದಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ನಿಮ್ಮ ಲೇಬರ್ ಪಕ್ಷದ ಮುಂದಿನ ಕಥೆಯನ್ನೂ ಬರೆಯಿರಿ. 2011ರಲ್ಲಿ 37 ಸೀಟು ಗೆದ್ದು ಫಿನ ಗೇಲ್ ಜೊತೆ ಸರ್ಕಾರ ಸೇರಿ ಅದೇ ಕಡಿತಗಳನ್ನು ಮಾಡಿತು. 2016ರಲ್ಲಿ 7 ಸೀಟು.

ಹೊಸಹಳ್ಳಿ ಸರ್ಕಲ್, ಮಂಡ್ಯ

ಹೌದಮ್ಮ, 37ರಿಂದ 7. ಜನ ಕೊಟ್ಟ ಪೆಟ್ಟು ಸರಿಯಾಗಿಯೇ ಇತ್ತು. ಆದರೆ ಅದರಿಂದ 2008ರ ಮತ ಸುಳ್ಳಾಗುವುದಿಲ್ಲ. ಆ ಮತ ದಾಖಲೆಯಲ್ಲಿ ಇದ್ದದ್ದರಿಂದಲೇ ಜನ ಅವರನ್ನು ಅಳೆದರು. ಅವತ್ತು ಹಾಗಂದಿರಿ, ಇವತ್ತು ಹೀಗೆ ಮಾಡಿದಿರಿ ಅಂತ ಕೇಳಲು ಕೈಯಲ್ಲಿ ಕಾಗದ ಇತ್ತು.

ಯೋಜನೆ ಇರಬೇಕು ಅನ್ನುವುದು ನೂರಕ್ಕೆ ನೂರು ನಿಜ. ಆದರೆ ಲೆಕ್ಕಪುಸ್ತಕ ತೋರಿಸದೆ, ಒಂದು ರಾತ್ರಿ ಟೈಮ್ ಕೊಟ್ಟು, ನಿಮ್ಮ ಯೋಜನೆ ಎಲ್ಲಿ ಅಂತ ವಿರೋಧ ಪಕ್ಷವನ್ನು ಕೇಳುವುದು ನ್ಯಾಯ ಅಲ್ಲ. ಮೊದಲ ಬೇಡ ಅಂದರೆ ನನ್ನ ಪ್ರಕಾರ ಇಷ್ಟೇ: ಲೆಕ್ಕ ತೋರಿಸಿ, ಠೇವಣಿಯನ್ನೂ ಬಾಂಡನ್ನೂ ಬೇರೆ ಮಾಡಿ, ಆಮೇಲೆ ಮತಕ್ಕೆ ಹಾಕಿ.

ಐರ್ಲೆಂಡ್‌ನಲ್ಲಿ ಕಾರ್ಕ್ ಕಡೆ ಬ್ಯಾಲಿಹೇ ಅಂತ ಒಂದು ಹಳ್ಳಿ. 2011ರ ಮಾರ್ಚ್‌ನಿಂದ ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಹೊರಗೆ ಬಂದವರು ಬ್ಯಾನರ್ ಹಿಡಿದು ನಡೆಯುತ್ತಿದ್ದರು. ಬಾಂಡ್‌ದಾರರ ಸಾಲ ನಮ್ಮದಲ್ಲ ಅಂತ. ವರ್ಷಗಟ್ಟಲೆ ನಡೆದರು. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಬೀದಿಗಿಳಿದವರಿಗೆ ಆ ಜನ ಹೊಸಬರಲ್ಲ. ಕೊನೆಗೆ 2013ರ ಫೆಬ್ರುವರಿಯಲ್ಲಿ ಪ್ರಾಮಿಸರಿ ನೋಟನ್ನು ದೀರ್ಘಾವಧಿ ಬಾಂಡ್ ಮಾಡಿ ಮಾರ್ಚ್ ಕಂತು ತಪ್ಪಿಸಿದರು. ಸಾಲ ಮಾಯವಾಗಲಿಲ್ಲ, ಮಕ್ಕಳ ಕಾಲಕ್ಕೆ ಮುಂದೆ ಹೋಯಿತು.

ಕೆ.ಎಂ. ದೊಡ್ಡಿ ಕಬ್ಬು

ಒಂದೇ ಪ್ರಶ್ನೆ. ಅಲ್ಲಿ 81ಕ್ಕೆ 75, 199ಕ್ಕೆ 74 ಅಂತ ಲೆಕ್ಕ ಕೊಡುತ್ತಿದ್ದೀರಿ. ನಮ್ಮ ಎಂಎಲ್‌ಎ, ಎಂಪಿ ಯಾವ ಮಸೂದೆಗೆ ಏನು ಮತ ಹಾಕಿದರು ಅಂತ ನನಗೆ ಎಲ್ಲಿ ಸಿಗುತ್ತದೆ?

ಹೊಸಹಳ್ಳಿ ಸರ್ಕಲ್, ಮಂಡ್ಯ

ಹೆಚ್ಚಿನ ಸಲ ಸಿಗುವುದಿಲ್ಲ ಕಣಣ್ಣ. ನಮ್ಮಲ್ಲಿ ಬಹುಪಾಲು ಮಸೂದೆ ಧ್ವನಿಮತದಲ್ಲಿ ಹೋಗುತ್ತವೆ. ಪರ ಇರುವವರು ಹೌದು ಅನ್ನಿ, ವಿರೋಧ ಇರುವವರು ಇಲ್ಲ ಅನ್ನಿ, ಮುಗಿಯಿತು. ಯಾರ ಹೆಸರೂ ದಾಖಲಾಗುವುದಿಲ್ಲ. 2018ರ ಮಾರ್ಚ್‌ನಲ್ಲಿ ಲೋಕಸಭೆ ಇಡೀ ಬಜೆಟ್ಟನ್ನು ಚರ್ಚೆ ಇಲ್ಲದೆ, ಗದ್ದಲದ ನಡುವೆ, ಗಿಲೋಟಿನ್ ಹಾಕಿ, ಅಂದರೆ ಉಳಿದದ್ದನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ, ಪಾಸು ಮಾಡಿತು. ಹೊರಗಿನ ಸಾಲದ ಒಪ್ಪಂದಕ್ಕಂತೂ ಸಂಸತ್ತಿನ ಮತವೇ ಬೇಕಿಲ್ಲ. ಗ್ರೀಸ್‌ನವರಿಗೆ ಕೊನೇ ಪಕ್ಷ ಆ ಕಾಗದ ಸದನದ ಮೇಜಿಗೆ ಬಂತು.

ಆದರೆ ನಿಯಮ ಇದೆ. ಧ್ವನಿಮತವನ್ನು ಪ್ರಶ್ನಿಸಿ ಸದಸ್ಯರು ವಿಭಜನೆ ಕೇಳಬಹುದು. ಆಗ ಹೆಸರು ಸಮೇತ ಮತ ದಾಖಲಾಗುತ್ತದೆ. ಮುಂದಿನ ಅಧಿವೇಶನಕ್ಕೆ ಮುಂಚೆ ಮಂಡ್ಯ, ಮೈಸೂರು ಸಂಸದರಿಬ್ಬರಿಗೂ ಪತ್ರ ಬರೆಯೋಣ. ಬ್ಯಾಂಕ್, ಠೇವಣಿ, ಸಾಲಕ್ಕೆ ಸಂಬಂಧಿಸಿದ ಯಾವ ಮಸೂದೆ ಬಂದರೂ ವಿಭಜನೆ ಕೇಳಿ ಅಂತ. ಕ್ಯಾಷಿಯರ್ ಸಾರ್, ಕರಡು ನೀವು ಬರೆದುಕೊಡುತ್ತೀರಾ?

ಒಂಟಿಕೊಪ್ಪಲ್ ಕ್ಯಾಷಿಯರ್, ಮೈಸೂರು (ನಿವೃತ್ತ)

ಬರೆಯುತ್ತೇನೆ. ಪತ್ತಿನ ಸಂಘಗಳ ಠೇವಣಿಗೂ ವಿಮೆ ಬೇಕು ಅನ್ನುವುದನ್ನೂ ಸೇರಿಸುತ್ತೇನೆ. ಗಂಜಾಂ ತಾಯಿ, ಆ ಗಾಜಿಗೆ ಅಂಟಿಸಿದ ಹಾಳೆಯ ಫೋಟೋ ಇದ್ದರೆ ಕಳಿಸಿ, ಜೊತೆಗೆ ಲಗತ್ತಿಸೋಣ.